ಹೊಗಳಿಕೆಯ ಮುಯ್ಯಿ

ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹೋದ ರಾಜ್ಯೋತ್ಸವಕ್ಕೆ ನಿಮ್ಮ ಬೀದಿ ಶಾಮಿಯಾನದಡಿ ಜಾನಪದ ಗೀತೆ ಕಾರ್ಯಕ್ರಮ ಇತ್ತಲ್ಲ? ಹಾಡಿದೋರು ಕೆಳಗಿಳಿದ ಕೂಡಲೇ ನೀವೇನಂದ್ರಿ? ‘ಸೂಪರ್ ಸಾರ್, ಸೂಪರ್’ ಅಂದ್ರಿ. ಹೆಬ್ಬೆರಳೂ ಎತ್ತಿದ್ರಿ. ಹಾಡು ಕೇಳಿದ್ರಾ? (ಎಲ್ಲಿ ಕೇಳ್ತೀರಿ? ಹಿಂದಿನ ಸಾಲಲ್ಲಿ ಕೂತು ಥರ್ಟಿ ಫಾರ್ಟಿ ಸೈಟಿನ ರೇಟು ವಿಚಾರಿಸ್ತಿದ್ರಿ. ಪಕ್ಕದ ಕುರ್ಚೀಲಿ ಇದ್ದೋನು ನಾನೇ.)

ಗಾಬರಿ ಬೇಡ, ಯಾರಿಗೂ ಹೇಳಲ್ಲ. ಹಾಡಿದೋರಿಗೂ ನೀವು ಕೇಳಿದ್ರೋ ಇಲ್ವೋ ಅನ್ನೋ ಚಿಂತೆ ಇಲ್ಲ. ಅವರಿಗೆ ಬೇಕಾಗಿದ್ದು ಆ ಸೂಪರ್ರು, ಸಿಕ್ತು. ನಿಮಗೂ ಅದನ್ನ ಕೊಡೋ ಅರ್ಜೆಂಟು ಇತ್ತು. ಯಾಕೆ ಹೇಳಿ? ಮುಂದಿನ ಐಟಂ ನಿಮ್ಮದೇ ತಾನೆ!

ಕುಂಬಾರಕೊಪ್ಪಲು ಎಲ್ಲಿದೆ ಅಂತ ಮೈಸೂರಿನೋರಿಗೆ ಹೇಳಬೇಕಾಗಿಲ್ಲ. ಹೊರಗಿನೋರಿಗೆ ಹೇಳೋದಾದ್ರೆ, ಒಂದು ಕಡೆ ಗೋಕುಲಂ, ಇನ್ನೊಂದು ಕಡೆ ಮೇಟಗಳ್ಳಿ, ಆಚೆ ಹೆಬ್ಬಾಳಿನ ಫ್ಯಾಕ್ಟರಿಗಳು, ಮಧ್ಯದಲ್ಲಿ ನಾವು. ಊರನ್ನ ಸಿಟಿ ಎಂದೋ ನುಂಗಿಕೊಂಡಿದೆ, ಆದ್ರೆ ಹಬ್ಬ, ಭಜನೆ, ಜಗಳ, ರಾಜಿ ಎಲ್ಲ ಇನ್ನೂ ಊರಿನದ್ದೇ. (ಕುಂಬಾರಕೊಪ್ಪಲು ಅಂದ ಮೇಲೆ ಗಡಿಗೆ ತಟ್ಟಿ ನೋಡೋ ಮಾತು ಬಂದೇ ಬರುತ್ತೆ ಅಂತ ಕಾಯ್ತಿದ್ದೀರಾ? ಅದು ವೇದಿಕೆ ಭಾಷಣಗಳಲ್ಲಿ ಸವೆದು ಹೋಗಿದೆ, ಬಿಟ್ಹಾಕಿ.)

ಇಂಥ ಕೊಪ್ಪಲುಗಳಲ್ಲಿ ಹಾಡೋ ತಂಡಕ್ಕೇನು ಬರ ಇಲ್ಲ. ಶನಿವಾರದ ಭಜನೆ, ಧನುರ್ಮಾಸದ ಬೆಳಗಿನ ಜಾವದ ಭಜನೆ, ಶಿವರಾತ್ರಿ ಜಾಗರಣೆ, ಗಣಪತಿ, ರಾಜ್ಯೋತ್ಸವ. ತಂಡದಲ್ಲಿ ಯಾರಿರ್ತಾರೆ? ರಿಟೈರ್ಡ್ ಮೇಷ್ಟ್ರು, ಶಿಫ್ಟ್ ಮುಗಿಸಿ ಯೂನಿಫಾರಂನಲ್ಲೇ ಬರೋ ಫ್ಯಾಕ್ಟರಿ ಅಣ್ಣ, ಹಾಲಿನ ಬೂತಿನೋರು, ಟೈಲರಿಂಗ್ ಅಕ್ಕ, ಮತ್ತೆ ನೀವು. ಯಾರಿಗೂ ಕಾಸಿನ ಆಸೆ ಇಲ್ಲ. ಹಾಡೋ ಹುಚ್ಚು ಒಂದೇ. ಈ ಹುಚ್ಚಿನ ಬಗ್ಗೆ ನನಗೆ ತುಂಬಾ ಗೌರವ. ನನ್ನ ತಕರಾರಿರೋದು ಆ ಹುಚ್ಚಿಗೆ ನಾವು ಹಾಕೋ ಸಕ್ಕರೆ ಮೇಲೆ.

ಸರಿ, ನಿಮ್ಮ ಐಟಂಗೆ ಬರೋಣ. ಯಾವ ಹಾಡು? ಮಾದಪ್ಪನ ಆ ಮಲ್ಲಿಗೆ ಪದ ತಾನೆ? (ನನಗೆ ಹೇಗೆ ಗೊತ್ತು ಅಂತೀರಾ? ನಿಮಗಿಂತ ಮುಂಚೆ ಹಾಡಿದೋರು ಅದನ್ನೇ ಹಾಡಿದ್ರು, ನಿಮ್ಮ ನಂತರದ ಅಕ್ಕನೂ ಅದನ್ನೇ ಹಾಡೋದು.) ಮೈಕ್ ಹಿಡಿದ ಕೂಡಲೇ ನಿಮ್ಮ ಬಾಯಿಂದ ಬರೋದು ಗಣಪತಿ ಸ್ತುತಿ ಅಲ್ಲ. ಸೌಂಡ್ ಸಿಸ್ಟಂ ಹುಡುಗನಿಗೆ ಒಂದು ಆರ್ಡರ್: ‘ಒಸಿ ಎಕೋ ಜಾಸ್ತಿ ಕೊಡಪ್ಪ.’

ಅವನು ಮೊಬೈಲಿಂದ ಕಣ್ಣೆತ್ತದೆ ಗುಂಡಿ ತಿರುಗಿಸಿದ. ಈಗ ನೀವು ‘ಮಾದಪ್ಪ’ ಅಂದ್ರೆ ಸ್ಪೀಕರ್ರು ‘ಪಪ್ಪಪ್ಪಪ್ಪ’ ಅನ್ನುತ್ತೆ. ಆ ಪಪ್ಪಪ್ಪದೊಳಗೆ ಶ್ರುತಿ ಎಲ್ಲಿ ಜಾರ್ತು, ತಾಳ ಎಲ್ಲಿ ಎಡವ್ತು, ಮೇಟಗಳ್ಳಿ ಸ್ಟೇಷನ್ನಿನ ಪೊಲೀಸ್ರು ಬಂದ್ರೂ ಪತ್ತೆ ಆಗಲ್ಲ. ಅದಕ್ಕೇ ಅಲ್ವಾ ನಿಮಗೆ ಎಕೋ ಅಂದ್ರೆ ಅಷ್ಟೊಂದು ಪ್ರೀತಿ?

ಸಾಹಿತ್ಯ ಮೊಬೈಲ್‌ನಲ್ಲಿ. ಎರಡನೇ ನುಡಿಗೆ ಸ್ಕ್ರೀನು ಕಪ್ಪಾಯ್ತು. ಹೆಬ್ಬೆರಳು ಒತ್ತಿದ್ರಿ, ಬೆವರಿಗೆ ತಗೋಳ್ಳಲಿಲ್ಲ, ಪಾಸ್‌ವರ್ಡ್ ಕೇಳ್ತು. ತಬಲಾದೋರು ಸುಮ್ಮನೆ ಠೇಕಾ ಕೊಡ್ತಾ ನಿಮ್ಮ ಮುಖ ನೋಡಿದ್ರು. ಮೂರನೇ ನುಡಿಗೆ ಮೇಲಿಂದ ಒಂದು ಮೆಸೇಜು ಇಳೀತು: ‘ಬರ್ತಾ ಮೊಸರು ತನ್ನಿ.’ (ಪುಣ್ಯ, ಅದನ್ನೂ ರಾಗವಾಗಿ ಹಾಡಲಿಲ್ಲ.) ಕೆಳಗಿಳಿದ್ರಿ. ಏನಾಯ್ತು? ‘ಸೂಪರ್ ಸಾರ್, ಸೂಪರ್!’

ಈ ಸೂಪರ್ರಲ್ಲೂ ಬಗೆಗಳಿವೆ, ಗಮನಿಸಿದ್ದೀರಾ? ಹಾಡು ಚೆನ್ನಾಗಿರಲಿಲ್ಲ ಅಂದ್ರೆ ‘ಮೈಕ್ ಯಾಕೋ ಸರಿ ಇರ್ಲಿಲ್ಲ ಕಣಣ್ಣ’ ಅಂತಾರೆ. ತೀರಾ ಕೆಟ್ಟಿದ್ರೆ ‘ಅಕ್ಕ, ಸೀರೆ ಎಲ್ಲಿ ತಗೊಂಡ್ರಿ?’ ಅಂತಾರೆ. ಕೇಳೋಕೇ ಆಗಲಿಲ್ಲ ಅಂದ್ರೆ ‘ಈ ವಯಸ್ಸಲ್ಲೂ ಏನು ಉತ್ಸಾಹ ಸಾರ್ ನಿಮ್ಮದು!’ ಅಂತಾರೆ. ನಿಮಗೆ ಈ ಮೂರರಲ್ಲಿ ಯಾವುದು ಬಂದಿತ್ತು? (ನೆನಪು ಮಾಡ್ಕೊಳ್ಳಿ. ನಾನು ಆ ಕಡೆ ತಿರುಗ್ತೀನಿ.)

ವಾಟ್ಸಾಪ್ ಗ್ರೂಪಿನದ್ದು ಇನ್ನೊಂದೇ ಲೋಕ. ಆರು ನಿಮಿಷದ ವಿಡಿಯೋ ಹಾಕಿದ ಆರನೇ ಸೆಕೆಂಡಿಗೆ ಚಪ್ಪಾಳೆ, ಬೆಂಕಿ, ಹೂಗುಚ್ಛ. ವಿಡಿಯೋ ಇನ್ನೂ ಡೌನ್‌ಲೋಡೇ ಆಗಿರಲ್ಲ! ಗ್ರೂಪಿನಲ್ಲಿ ಒಬ್ಬರು ಮಾತ್ರ ಏನೂ ಹಾಕಲ್ಲ, ನೋಡಿದ್ದೀರಾ? ಅವರು ಹಾಡನ್ನ ಪೂರ್ತಿ ಕೇಳಿರ್ತಾರೆ, ಪಾಪ.

ಹಾಗಾದ್ರೆ ನಮ್ಮೋರಿಗೆ ಕಿವಿ ಇಲ್ವಾ? ಅಯ್ಯೋ, ಎಷ್ಟು ಬೇಕಾದ್ರೂ ಇದೆ. ಕಾರ್ಯಕ್ರಮ ಮುಗಿದ ಮೇಲೆ ಟೀ ಅಂಗಡಿ ಹತ್ರ ಬನ್ನಿ. ‘ಅದೇನ್ಲಾ ಅದು, ಹಾಡ್ತಿದ್ನೋ ಇಲ್ಲ ಹಲ್ಲುನೋವಿಗೆ ನರಳ್ತಿದ್ನೋ?’ ‘ತಬಲಾ ಮುಂದಿನ ಸ್ಟಾಪಲ್ಲಿ ಇಳಿದು ಕಾಯ್ತಿತ್ತು ಕಣ್ಲಾ, ಇವನು ಇನ್ನೂ ಹಿಂದಿನ ಸ್ಟಾಪಲ್ಲೇ.’ ಶ್ರುತಿ, ತಾಳ, ಉಚ್ಚಾರಣೆ, ಭಾವ, ಒಂದನ್ನೂ ಬಿಡಲ್ಲ. ಬೈ-ಟೂ ಟೀ ಆರೋದ್ರೊಳಗೆ ಪೂರ್ತಿ ಪೋಸ್ಟ್‌ಮಾರ್ಟಂ.

ಎಂಥ ಸೂಕ್ಷ್ಮ ವಿಮರ್ಶೆ ನೋಡಿ! ಆದ್ರೆ ಅಡ್ರೆಸ್ ತಪ್ಪು. ಊರಲ್ಲಿ ಎಲ್ಲರಿಗೂ ತಲುಪುತ್ತೆ, ಹಾಡಿದೋರಿಗೊಬ್ಬರಿಗೆ ಬಿಟ್ಟು. ಅವರಿಗೆ ಸೂಪರ್ರು, ಮಿಕ್ಕೋರಿಗೆ ಸತ್ಯ. (ನೀವೂ ಆ ಅಂಗಡಿ ಮುಂದೆ ನಿಂತಿದ್ರಿ. ಹಲ್ಲುನೋವಿನ ಮಾತು ಯಾರದ್ದು ಅಂತ ನಾನು ಹೇಳಲ್ಲ.)

ಇದು ಯಾಕೆ ಹೀಗೆ ಅಂತ ಯೋಚನೆ ಮಾಡಿದ್ದೀರಾ? ನನ್ನ ಲೆಕ್ಕ ಇಷ್ಟೇ: ನಮ್ಮಲ್ಲಿ ಹೊಗಳಿಕೆ ಅಂದ್ರೆ ಮದುವೆ ಮನೆ ಮುಯ್ಯಿ. ಛತ್ರದ ಬಾಗಿಲಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರ್ತಾರಲ್ಲ, ಯಾರ ಕವರಲ್ಲಿ ಎಷ್ಟು ಅಂತ ಬರೆಯೋಕೆ? ಹಾಗೇ ನಮ್ಮೆಲ್ಲರ ತಲೇಲೂ ಒಂದು ನೋಟ್‌ಬುಕ್ ಇದೆ. ಅವರು ನಮ್ಮ ಹಾಡಿಗೆ ಎರಡು ಸೂಪರ್ ಹಾಕಿದ್ರು, ನಾವು ಅವರಿಗೆ ಎರಡು ಹಾಕಬೇಕು. ಒಂದು ಕಮ್ಮಿ ಮಾಡಿ ನೋಡಿ, ಮಾತು ಬಿಡ್ತಾರೆ.

ಮುಯ್ಯಿಯಲ್ಲಿ ಹುಡುಗ ಹುಡುಗಿ ಜೋಡಿ ಹೇಗಿದೆ ಅನ್ನೋದು ಲೆಕ್ಕಕ್ಕೇ ಬರಲ್ಲ, ಹೌದು ತಾನೆ? ಇಲ್ಲೂ ಅಷ್ಟೇ, ಹಾಡು ಹೇಗಿತ್ತು ಅನ್ನೋದು ಲೆಕ್ಕಕ್ಕಿಲ್ಲ. ನೀವು ಇನ್ನೊಬ್ಬರನ್ನ ಹೊಗಳೋದು ಅವರ ಮೇಲಿನ ಕರುಣೆಯಿಂದ ಅಲ್ಲ ಸ್ವಾಮಿ, ನಾಳೆ ನಿಮ್ಮ ಸರದಿ ಬರುತ್ತೆ ಅನ್ನೋ ಭಯದಿಂದ. ಇವತ್ತು ನೀವು ‘ಶ್ರುತಿ ಸೇರಲಿಲ್ಲ’ ಅಂದ್ರೆ ನಾಳೆ ಅವರು ಬಾಯಿ ಬಿಡ್ತಾರಲ್ಲ!

ಈಗ ನೀವು ಏನು ಹೇಳ್ತೀರಿ ಅಂತ ಗೊತ್ತು. ‘ಸಾರ್, ನಾವೇನು ವಿದ್ವಾಂಸರಾ? ಇದು ಜಾನಪದ. ಜಾನಪದಕ್ಕೆ ಯಾವ ಶ್ರುತಿ, ಯಾವ ತಾಳ? ಅದು ಹೃದಯದಿಂದ ಬರೋದು.’ ಈ ಮಾತನ್ನ ಅದೆಷ್ಟು ವೇದಿಕೆಗಳಲ್ಲಿ ಕೇಳಿಲ್ಲ! (ಹೃದಯದಿಂದ ಬರೋದೆಲ್ಲ ಹಾಡಾಗಿದ್ರೆ ಜಯದೇವ ಆಸ್ಪತ್ರೆ ಪೂರ್ತಿ ಸಂಗೀತ ಕಚೇರಿ ಆಗಿರಬೇಕಿತ್ತು.)

ನಿಮ್ಮ ಆ ಮಾದಪ್ಪನ ಪದ ಯಾರದ್ದು? ದೇವರ ಗುಡ್ಡರದ್ದು, ಕಂಸಾಳೆಯೋರದ್ದು. ಅವರ ಕೈ ಒಮ್ಮೆ ಹತ್ರದಿಂದ ನೋಡಿ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಬೀಸು ಕಂಸಾಳೆಗೆ ನಿಂತರೆ ಆ ಚಪ್ಪಟೆ ತಾಳ ದಾರದ ಉದ್ದಕ್ಕೂ ಗಾಳೀಲಿ ಸುತ್ತಿ, ಬೆನ್ನ ಹಿಂದೆ ಹೋಗಿ, ಪಕ್ಕದೋನ ಕಿವಿ ಸವರಿ ಬಂದು ಸರಿಯಾದ ಪೆಟ್ಟಿಗೆ ಬಟ್ಟಲ ಮೇಲೆ ಬೀಳಬೇಕು. ತಾಳ ತಪ್ಪಿದ್ರೆ ಯಾರೂ ಹೇಳಬೇಕಾಗಿಲ್ಲ, ಪಕ್ಕದೋನ ಹಣೆ ಹೇಳುತ್ತೆ.

ಕೋಲಾಟವೂ ಹಾಗೇ. ಒಂದು ಹೆಜ್ಜೆ ಹಿಂದೆ ಬಿದ್ದರೆ ಕೋಲಿಗೆ ಕೋಲು ಸಿಗಲ್ಲ, ಬೆರಳು ಸಿಗುತ್ತೆ. ‘ಅಯ್ಯಮ್ಮಾ’ ಅಂದ ಸದ್ದೇ ವಿಮರ್ಶೆ. ಅಲ್ಲಿ ‘ಸೂಪರ್ ಸಾರ್’ ಅಂದು ಸಮಾಧಾನ ಮಾಡೋಕೆ ಬರಲ್ಲ, ಅರಿಶಿನ ಹಚ್ಚಬೇಕು. ಈ ಆಟಗಳನ್ನ ಕಟ್ಟಿದೋರು ಎಂಥ ಬುದ್ಧಿವಂತರು ನೋಡಿ, ತಪ್ಪನ್ನ ಮುಚ್ಚಿಡೋಕೇ ಆಗದ ಹಾಗೆ ಕಟ್ಟಿಟ್ಟಿದ್ದಾರೆ.

ಇನ್ನು ಕಥೆ ಹಾಡೋದು. ಮಲೆ ಮಾದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಸಾಲು ಅಂತ ಇದೆಯಲ್ಲ, ಅದನ್ನ ಹಿಡಿದರೆ ರಾತ್ರಿ ಸರಿದುಹೋಗುತ್ತೆ. ಕೈಯಲ್ಲಿ ಕಾಗದ ಇಲ್ಲ, ಮೊಬೈಲ್ ಇಲ್ಲ. ಮಂಟೇಸ್ವಾಮಿ ಕಥೆಯ ನೀಲಗಾರರು ತಂಬೂರಿ ಮೀಟ್ತಾ ಹಾಡ್ತಾರೆ, ಹಿಮ್ಮೇಳದೋರು ಪ್ರತಿ ಸೊಲ್ಲನ್ನೂ ಎತ್ತಿಕೊಳ್ಳಬೇಕು. ಮುಂದಿನೋನು ಜಾರಿದ್ರೆ ಹಿಂದಿನೋನು ಹಿಡ್ಕೋಬೇಕು. ಎದುರಿಗೆ ಕೂತ ಅಜ್ಜಿಗೆ ಆ ಕಥೆ ಬಾಯಿಪಾಠ. ಒಂದು ಸಾಲು ನುಂಗಿ ನೋಡಿ, ‘ಏ ಮಗ, ಅದು ಅಂಗಲ್ಲ’ ಅಂತ ಅಲ್ಲೇ ಹೇಳ್ತಾಳೆ.

ಜೀ.ಶಂ. ಪರಮಶಿವಯ್ಯನವರಂಥೋರು ಊರೂರು ಸುತ್ತಿ ಇವನ್ನ ಸಂಗ್ರಹ ಮಾಡಿದ್ದು ಸುಮ್ಮನೆ ಅಲ್ಲ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅರಮನೆಯಲ್ಲಿ 1968ರಿಂದ ಜಾನಪದ ವಸ್ತುಸಂಗ್ರಹಾಲಯ ಇದೆ. ನಮ್ಮ ಕೊಪ್ಪಲಿಂದ ಎಷ್ಟು ದೂರ? (ಹೋಗಿದ್ದೀರಾ? ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೋಗ್ತೀರಲ್ಲ, ಅದರ ಪಕ್ಕಾನೇ ಸ್ವಾಮಿ.) ಜಾನಪದ ಅಂದ್ರೆ ಹೇಗೆ ಬೇಕಾದ್ರೂ ಹಾಡಬಹುದು ಅನ್ನೋದು ಜಾನಪದ ಹಾಡದೇ ಇರೋರು ಕಟ್ಟಿದ ಕಥೆ.

ಹೆಂಗಸರ ಸೋಬಾನೆ ತಗೊಳ್ಳಿ. ಎರಡು ಗುಂಪು. ಒಂದು ಗುಂಪು ಸೊಲ್ಲು ಎತ್ತಿದ್ರೆ ಇನ್ನೊಂದು ಗುಂಪು ಹಿಡೀಬೇಕು. ಎತ್ತಿದೋರು ಎತ್ತರಕ್ಕೆ ಹೋಗಿ ಒದ್ದಾಡಿದ್ರೆ ಆ ಕಡೆಯಿಂದ ನಗು ಶುರು. ಬೀಗರ ಪದ ಬಂತೋ, ಬೀಗಿತ್ತಿಯ ಮೂಗಿಂದ ಹಿಡಿದು ಅವಳು ಮಾಡಿದ ಪಾಯಸದ ತನಕ ಎಲ್ಲಕ್ಕೂ ಎದುರಿಗೇ ಹಾಡಿನಲ್ಲಿ ಉಗೀತಾರೆ, ಆಮೇಲೆ ಇಬ್ಬರೂ ಒಟ್ಟಿಗೆ ಎಲೆ ಅಡಿಕೆ ಹಾಕ್ತಾರೆ. ನಮ್ಮ ಅಜ್ಜಿಯರಿಗೆ ಎದುರಿಗೆ ಹೇಳೋದೂ ಗೊತ್ತಿತ್ತು, ಹೇಳಿಸಿಕೊಳ್ಳೋದೂ ಗೊತ್ತಿತ್ತು. ನಮಗೇನಾಯ್ತು?

ಮೈಕು ಬಂತು. ಅದರ ಹಿಂದೆ ಸನ್ಮಾನ ಬಂತು. ಈಗ ಹಾಡೋಕೆ ಮುಂಚೆಯೇ ಶಾಲು, ಹಾರ, ಫಲತಾಂಬೂಲ, ಮೈಸೂರು ಪೇಟ. ಒಂದು ಸಲ ತಲೆಗೆ ಪೇಟ ಕೂತ ಮೇಲೆ ವಿಮರ್ಶೆ ಒಳಗೆ ಹೋಗೋಕೆ ದಾರಿ ಎಲ್ಲಿ? (ನಿಮ್ಮ ಮನೆ ಶೋಕೇಸಲ್ಲಿ ಪೇಟ ಎಷ್ಟಿವೆ ಅಂತ ಕೇಳಲ್ಲ. ಮೊಮ್ಮಗು ಒಂದನ್ನ ಹಾಕ್ಕೊಂಡು ಆಡೋದು ಮಾತ್ರ ನೋಡಿದ್ದೀನಿ.)

ನಮ್ಮ ಕಡೆ ಪೌರಾಣಿಕ ನಾಟಕದಲ್ಲಿ ಇದೇ ಕಥೆ ಇನ್ನೂ ಜೋರಾಗಿ ನಡೆಯುತ್ತೆ. ಮೈಸೂರು, ಮಂಡ್ಯ, ತುಮಕೂರು ಸೀಮೆಯ ‘ಕುರುಕ್ಷೇತ್ರ’ ಗೊತ್ತಲ್ಲ? ಪಾತ್ರ ಮಾಡೋನಿಗೆ ಸಂಬಳ ಇಲ್ಲ, ಅವನೇ ದುಡ್ಡು ಕಟ್ಟಬೇಕು. ದುರ್ಯೋಧನನಿಗೆ ಒಂದು ರೇಟು, ಕೃಷ್ಣನಿಗೆ ಒಂದು ರೇಟು, ಚಿಕ್ಕ ಪಾತ್ರಗಳಿಗೆ ಕಮ್ಮಿ. ದುಡ್ಡು ಕೊಟ್ಟು ದುರ್ಯೋಧನ ಆದೋನಿಗೆ ‘ನಿನ್ನ ಶ್ರುತಿ ಸರಿ ಇಲ್ಲ’ ಅಂತ ಯಾವ ಭೀಮ ಹೇಳ್ತಾನೆ?

ಪುರಭವನದಲ್ಲಿ ನಾಟಕ. ಅರ್ಧ ಹಾಡಿಗೆ ಭಾವಮೈದುನ ಸ್ಟೇಜ್ ಹತ್ತಿ ನೋಟಿನ ಹಾರ ಹಾಕಿದ. ದುರ್ಯೋಧನ ಗದೆ ಕೆಳಗಿಟ್ಟು ಕೈ ಮುಗಿದ. ಫೋಟೋ ಆಯ್ತು. ‘ಒನ್ಸ್ ಮೋರ್’ ಅಂತ ಮುಂದಿನ ಸಾಲಿಂದ ಕೂಗು (ಅದೂ ಮನೆಯೋರೇ). ಹಾರ್ಮೋನಿಯಂ ಮೇಷ್ಟ್ರು ನಿಟ್ಟುಸಿರು ಬಿಟ್ಟು ಮತ್ತೆ ಬೆರಳಿಟ್ಟರು. ದುರ್ಯೋಧನ ಈ ಸಾರಿ ಬೇರೆ ಮನೆಯಿಂದ ಎತ್ತಿದ, ಮೇಷ್ಟ್ರು ಅವನ ಹಿಂದೆ ಬೆರಳು ಓಡಿಸಿದ್ರು.

ಆದ್ರೆ ಇದೇ ಮೇಷ್ಟ್ರನ್ನ ತಾಲೀಮಿನಲ್ಲಿ ನೋಡಬೇಕಿತ್ತು ನೀವು. ಅಲ್ಲಿ ಯಾವ ಮುಲಾಜೂ ಇಲ್ಲ. ‘ಲೋ ಧರ್ಮರಾಯ, ಕರಿ ಎರಡು ಕೊಟ್ಟಿದ್ದೀನಿ, ನೀನ್ಯಾಕೆ ಬಿಳೀಲಿ ಓಡಾಡ್ತಿದ್ದೀಯ?’ ‘ಅಕ್ಷರ ನುಂಗಬೇಡ, ಅದು ಊಟ ಅಲ್ಲ.’ ‘ಉಸಿರು ಪದದ ಮಧ್ಯೆ ತಗೋಬೇಡ, ಸೊಲ್ಲು ಮುಗಿದ ಮೇಲೆ ತಗೋ.’ ಕೊಪ್ಪಲಿನಲ್ಲಿ ನಿಜ ಹೇಳೋ ಲೈಸೆನ್ಸ್ ಇರೋ ಮನುಷ್ಯ ಅವರೊಬ್ಬರೇ. ಅವರ ಮಾತಿಗೆ ಯಾರೂ ಮುನಿಸಿಕೊಳ್ಳಲ್ಲ. ಯಾಕೆ? ಒಂದು, ಅದು ತಾಲೀಮಿನ ಕೋಣೆ, ಬೀದಿ ಅಲ್ಲ. ಎರಡು, ಅವರು ‘ಚೆನ್ನಾಗಿಲ್ಲ’ ಅಂತ ಹೇಳಿ ಸುಮ್ಮನಾಗಲ್ಲ, ಎಲ್ಲಿ ಹೋಯ್ತು ಅಂತ ಬೆರಳಿಟ್ಟು ತೋರಿಸ್ತಾರೆ.

(ಒಂದು ತಮಾಷೆ ಗೊತ್ತಾ? ಆ ಹಾರ್ಮೋನಿಯಮ್ಮೇ ಒಂದು ಕಾಲದಲ್ಲಿ ಫೇಲಾಗಿತ್ತು! ಅದರ ಮನೆಗಳು ಗಟ್ಟಿ, ಗಮಕ ನುಡಿಯಲ್ಲ ಅಂತ ಆಲ್ ಇಂಡಿಯಾ ರೇಡಿಯೋದೋರು 1940ರಲ್ಲಿ ಅದನ್ನ ಹೊರಗೆ ಹಾಕಿದ್ರು. 1971ರ ತನಕ ಒಳಗೆ ಬಿಡಲಿಲ್ಲ. ಪಾಪ, ಅದು ನಿಮ್ಮ ಹಾಗೆ ಕಮಿಟಿಗೆ ರಾಜೀನಾಮೆ ಕೊಡಲಿಲ್ಲ, ಸುಮ್ಮನೆ ನಾಟಕದಲ್ಲಿ, ಭಜನೇಲಿ ನುಡೀತಾ ಇತ್ತು.)

ರೇಡಿಯೋ ಅಂದ ಮೇಲೆ ನಮ್ಮ ಹೆಮ್ಮೆ ಹೇಳದೆ ಬಿಡೋಕಾಗುತ್ತಾ? 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಡಾ. ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೇಲೇ ರೇಡಿಯೋ ಸ್ಟೇಷನ್ ಶುರು ಮಾಡಿದ್ರು. ‘ಆಕಾಶವಾಣಿ’ ಅಂತ ಹೆಸರು ಬಂದಿದ್ದು ಅಲ್ಲಿಂದ. ಅದೂ ಒಂದು ಕೊಪ್ಪಲೇ, ನೋಡಿ. ಈಗ ಸ್ಟೇಷನ್ ಯಾದವಗಿರೀಲಿದೆ, ನಮಗೆ ಹತ್ರಾನೇ.

ಅಲ್ಲಿಗೆ ಹಾಡೋಕೆ ಹೋದ್ರೆ ಆಡಿಷನ್. ಪಾಸಾದೋರಿಗೆ ಗ್ರೇಡು: ಬಿ, ಬಿ-ಹೈ, ಎ, ಟಾಪ್. ಈ ವ್ಯವಸ್ಥೆ ಬಿಗಿಯಾಗಿದ್ದು 1952ರಲ್ಲಿ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಕಾಲದಲ್ಲಿ. ಹಾಡೋರು ಯಾರು ಅಂತ ಗೊತ್ತಾಗದ ಹಾಗೆ ಪರೀಕ್ಷಕರು ಪರದೆ ಹಿಂದೆ ಕೂತು ಕೇಳ್ತಿದ್ರು. ದೊಡ್ಡ ದೊಡ್ಡ ವಿದ್ವಾಂಸರೇ ಸಿಟ್ಟಾದ್ರು, ‘ನಮಗೇ ಪರೀಕ್ಷೆಯಾ’ ಅಂತ. ನಾವು ಪರದೆ ಕಟ್ಟೋದು ಬೇಡ. ಆದ್ರೆ ಒಂದು ಕ್ಷಣ ಊಹೆ ಮಾಡ್ಕೊಳ್ಳಿ, ನಮ್ಮ ರಾಮಮಂದಿರದಲ್ಲಿ ಒಂದು ಪರದೆ ಬಿಟ್ಟರೆ? ಯಾರು ಹಾಡಿದ್ದು ಅಂತ ಗೊತ್ತಿಲ್ಲದೆ ಸೂಪರ್ ಯಾರಿಗೆ ಹೇಳ್ತೀರಿ? ಮುಯ್ಯಿ ಯಾರ ಖಾತೆಗೆ ಬರೀತೀರಿ?

ಪರದೆ ಇಲ್ಲದೆ ಎದುರಿಗೇ ಹೇಳಿ ನೋಡಿದೋರೂ ಇದ್ದಾರೆ. ಇಂಗ್ಲೆಂಡಿನಲ್ಲೂ ಜಾನಪದ ಹಾಡೋ ಕ್ಲಬ್ಬುಗಳಿವೆ. ಪಬ್ಬಿನ ಮಹಡೀಲಿ ಸೇರಿ, ಪೋಸ್ಟ್‌ಮ್ಯಾನು, ಮೇಷ್ಟ್ರು, ಕ್ಲರ್ಕು ಸರದಿ ಮೇಲೆ ಹಾಡೋದು. ಅಲ್ಲಿ ಇವಾನ್ ಮೆಕಾಲ್ ಅಂತ ಗಾಯಕರಿದ್ರು, ಅವರ ಜೊತೆ ಪೆಗ್ಗಿ ಸೀಗರ್. ಇಬ್ಬರೂ 1964ರಲ್ಲಿ ಹುಡುಗ ಹುಡುಗಿಯರನ್ನ ಸೇರಿಸಿ ಕ್ರಿಟಿಕ್ಸ್ ಗ್ರೂಪ್ ಅಂತ ಕಟ್ಟಿದ್ರು. ಕೆಲಸ ಏನು? ಒಬ್ಬರು ಹಾಡಬೇಕು, ಮಿಕ್ಕೋರು ಎದುರಿಗೇ ತಪ್ಪು ಹೇಳಬೇಕು. ಮುಯ್ಯಿಗಿಯ್ಯಿ ಏನೂ ಇಲ್ಲ.

ಮೆಕಾಲ್ ಅವರ ಕ್ಲಬ್ಬಿನಲ್ಲಿ ಇನ್ನೊಂದು ನಿಯಮ: ನಿಮ್ಮ ಸೀಮೆಯ, ನಿಮ್ಮ ನಾಲಿಗೆಯ ಹಾಡನ್ನೇ ಹಾಡಬೇಕು, ಇಂಗ್ಲಿಷಿನೋನು ಅಮೆರಿಕದೋನ ಹಾಗೆ ನಾಲಿಗೆ ತಿರುಗಿಸೋ ಹಾಗಿಲ್ಲ. (ಇದು ನಮಗೆ ಬಂದ್ರೆ ಕಷ್ಟ ಇದೆ. ಶಿಶುನಾಳ ಶರೀಫರ ತತ್ವಪದ ಶುರುವಾದ ಕೂಡಲೇ ಕುಂಬಾರಕೊಪ್ಪಲಿನ ಅಣ್ಣ ಇದ್ದಕ್ಕಿದ್ದಂತೆ ಹುಬ್ಬಳ್ಳಿಯೋನಾಗ್ತಾನೆ, ಸಿ. ಅಶ್ವತ್ಥ್ ಅವರ ಗಂಟಲನ್ನೂ ಎರವಲು ತಗೋತಾನೆ. ಕೆಳಗಿಳಿದ ಮೇಲೆ ಮತ್ತೆ ‘ಎಂಗಿತ್ತು ಕಣಣ್ಣ?’)

ಕೊನೆಗೆ ಆ ಗ್ರೂಪ್ ಏನಾಯ್ತು? ಒಳ್ಳೊಳ್ಳೆ ಗಾಯಕರು ಬೆಳೆದ್ರು, ಆದ್ರೆ ಎಪ್ಪತ್ತರ ದಶಕದ ಶುರುವಲ್ಲಿ ಜಗಳ ಆಗಿ ಒಡೆದು ಹೋಯ್ತು. ನೋಡಿದ್ರಾ, ‘ನಾನ್ ಹೇಳಲಿಲ್ವಾ’ ಅಂತ ನೀವು ಎದ್ದು ಕೂತ್ರಿ! ಅದು ಒಡೆದಿದ್ದು ನಿಜ. ಆದ್ರೆ ನಿಮ್ಮ ಮಂಡಳಿ ಹೋದ ವರ್ಷ ಎರಡು ಭಾಗ ಆಯ್ತಲ್ಲ, ಅಲ್ಲಿ ಯಾರು ಯಾರಿಗೆ ನಿಜ ಹೇಳಿದ್ರು? ಎಲ್ಲರೂ ಎಲ್ಲರಿಗೂ ಸೂಪರ್ ಅಂದುಕೊಂಡೇ ಇದ್ರಿ, ಬ್ಯಾನರಲ್ಲಿ ಯಾರ ಫೋಟೋ ದೊಡ್ಡದು ಅನ್ನೋದಕ್ಕೆ ಒಡೆದ್ರಿ. ಒಡೆಯೋ ತಂಡ ಹೇಗಿದ್ರೂ ಒಡೆಯುತ್ತೆ ಸ್ವಾಮಿ. ಚೆನ್ನಾಗಿ ಹಾಡೋದನ್ನ ಕಲಿತು ಒಡೆದ್ರೆ ಕೊನೇಪಕ್ಷ ಎರಡು ಒಳ್ಳೆ ತಂಡ ಆಗ್ತವೆ.

ಮತ್ತೆ ಹೇಳಿಸಿಕೊಳ್ಳೋದರಲ್ಲಿ ಅವಮಾನ ಏನಿದೆ ಅಂತ ನೋಡಬೇಕಾದ್ರೆ ಲಂಡನ್ನಿಗೂ ಹೋಗಬೇಕಾಗಿಲ್ಲ, ಪಕ್ಕದ ಗೋಕುಲಂಗೆ ನಡೀರಿ. ಪಟ್ಟಾಭಿ ಜೋಯಿಸರು ಅಷ್ಟಾಂಗ ಯೋಗ ಕಲಿಸಿದ ಊರು ಇದು. ವಿಮಾನ ಹತ್ತಿ, ವೀಸಾ ಮಾಡಿಸಿ, ಬೆಳಗಿನ ಜಾವ ಎದ್ದು ಮ್ಯಾಟು ಹೆಗಲಿಗೆ ಹಾಕ್ಕೊಂಡು ಹೋಗ್ತಾರಲ್ಲ ಆ ವಿದೇಶಿಯರು, ಅವರು ಯಾಕೆ ದುಡ್ಡು ಕಟ್ಟೋದು? ‘ಬೆನ್ನು ಸೊಟ್ಟಗಿದೆ, ನೆಟ್ಟಗೆ ಮಾಡು’ ಅಂತ ಹೇಳಿಸಿಕೊಳ್ಳೋಕೆ! ಅವರು ಕಾಸು ಕೊಟ್ಟು ತಗೊಳ್ಳೋದನ್ನ ನಮಗೆ ಯಾರಾದ್ರೂ ಫ್ರೀ ಕೊಟ್ಟರೆ ನಾವು ಆರು ತಿಂಗಳು ಮಾತು ಬಿಡ್ತೀವಿ.

ಹಾಗಂತ ನಾಳೆಯಿಂದ ಎಲ್ಲರ ಮುಖಕ್ಕೆ ಹೊಡೆದ ಹಾಗೆ ಹೇಳಿ ಅಂತ ನಾನಂದೆ ಅಂದ್ಕೋಬೇಡಿ. ಮೊದಲ ಸಲ ಮೈಕ್ ಹಿಡಿದ ಆ ಟೈಲರಿಂಗ್ ಅಕ್ಕನ ಕೈ ನಡುಗ್ತಿದ್ರೆ ‘ಚೆನ್ನಾಗಿತ್ತು ಅಕ್ಕ’ ಅನ್ನಿ, ಪುಣ್ಯ ಬರುತ್ತೆ. ಆದ್ರೆ ಹತ್ತು ವರ್ಷದಿಂದ ಅದೇ ಮಲ್ಲಿಗೆ ಪದವನ್ನ ಅದೇ ಜಾಗದಲ್ಲಿ ಅದೇ ಥರ ಜಾರಿಸ್ತಿರೋ ಅಣ್ಣನಿಗೂ ಅದೇ ಮಾತಾ? ಅದು ದಯೆ ಅಲ್ಲ, ಸೋಮಾರಿತನ. ಒಂದು ಸಲ ಯಾರಾದ್ರೂ ಸರಿಯಾಗಿ ಹೇಳಿದ್ರೆ ಒಂದು ವಾರದಲ್ಲಿ ತಿದ್ದಿಕೊಳ್ಳೋ ಮನುಷ್ಯ ಅವನು.

ಹಾರ್ಮೋನಿಯಂ ಮೇಷ್ಟ್ರ ದಾರಿ ಹಿಡೀರಿ, ಸಾಕು. ಹೇಳೋದು ತಾಲೀಮಿನಲ್ಲಿ, ಸ್ಟೇಜ್ ಕೆಳಗೂ ಅಲ್ಲ, ಟೀ ಅಂಗಡೀಲೂ ಅಲ್ಲ. ಒಂದು ಸಲಕ್ಕೆ ಒಂದೇ ಮಾತು. ‘ಯಾಕೋ ಸರಿ ಹೋಗಲಿಲ್ಲ’ ಅನ್ನೋದು ಬೇಡ, ‘ಎರಡನೇ ನುಡೀಲಿ ತಾಳ ಓಡ್ತು’ ಅನ್ನಿ. ಅದರ ಜೊತೆ ಚೆನ್ನಾಗಿದ್ದದ್ದು ಯಾವುದು ಅಂತಲೂ ಹೇಳಿ, ಆದ್ರೆ ಅದೂ ನಿಜ ಆಗಿರಬೇಕು. (‘ಸೀರೆ ಚೆನ್ನಾಗಿತ್ತು’ ನಡೆಯಲ್ಲ.) ಹೇಳೋಕೆ ಏನೂ ಇಲ್ಲ ಅಂದ್ರೆ ಕೇಳಿಲ್ಲ ಅಂತಲೇ ಅರ್ಥ. ಆಗ ಬಾಯಿ ಮುಚ್ಚಿಕೊಂಡು ಸೈಟಿನ ರೇಟಿಗೆ ವಾಪಸ್ ಹೋಗಿ.

ಇನ್ನು ನಿಮ್ಮ ವಿಚಾರ. (ತಪ್ಪಿಸ್ಕೊಂಡೆ ಅಂದ್ಕೊಂಡ್ರಾ?) ಬರೋ ಶನಿವಾರದ ಭಜನೆಗೆ ಮುಂಚೆ ಮನೆ ಬಾಗಿಲು ಹಾಕ್ಕೊಳ್ಳಿ, ಮೊಬೈಲಲ್ಲಿ ನಿಮ್ಮ ಹಾಡು ರೆಕಾರ್ಡ್ ಮಾಡಿ. ಎಕೋ ಇಲ್ಲ, ಟ್ರ್ಯಾಕ್ ಇಲ್ಲ, ಕಾಗದ ಇಲ್ಲ. ಆಮೇಲೆ ಕೂತು ಪೂರ್ತಿ ಕೇಳಿ, ಮಧ್ಯದಲ್ಲಿ ಫಾರ್ವರ್ಡ್ ಮಾಡಬೇಡಿ. ಪೂರ್ತಿ ಕೇಳೋಕಾಗಲಿಲ್ಲ ಅಂದ್ರೆ ಊರಿನೋರು ಇಷ್ಟು ವರ್ಷ ಹೇಗೆ ಕೇಳಿದ್ರು ಅಂತ ಒಂದು ನಿಮಿಷ ಯೋಚಿಸಿ. ಪೂರ್ತಿ ಕೇಳೋಕಾಯ್ತಾ? ಹಾಗಾದ್ರೆ ತಾಲೀಮಿಗೆ ಬನ್ನಿ, ಹಾಡಿ, ಹಾಡಿದ ಮೇಲೆ ‘ಹೆಂಗಿತ್ತು?’ ಅಂತ ಕೇಳಬೇಡಿ, ‘ಎಲ್ಲಿ ತಪ್ತು?’ ಅಂತ ಕೇಳಿ. ಆ ಪ್ರಶ್ನೆಗೆ ಸೂಪರ್ ಅಂತ ಉತ್ತರ ಕೊಡೋಕೆ ಯಾರಿಗೂ ಬರಲ್ಲ.